‘ಏನೂ ಆಗಿಲ್ಲ’ ಅಂದವರ ತಲೆಯೊಳಗೆ

ನಮ್ಮ ಹುಣಸೂರು ಕಡೆ ಯಾರಾದ್ರೂ ಬೈಕಿಂದ ಬಿದ್ದರೆ ಸುತ್ತ ಸೇರಿದವರು ಮೊದಲು ಹುಡುಕೋದು ರಕ್ತ. ಮೊಣಕಾಲು ತರಚಿದ್ದರೆ ತೊಳೀತಾರೆ, ಒಂದು ಸೋಡಾ ಕುಡಿಸ್ತಾರೆ. ಬಿದ್ದವನೂ ಬಟ್ಟೆ ಕೊಡವಿಕೊಂಡು "ಏನೂ ಆಗಿಲ್ಲ ಬಿಡಣ್ಣ" ಅಂತ ಗಾಡಿ ಸ್ಟಾರ್ಟ್ ಮಾಡ್ತಾನೆ. ಹೆಚ್ಚಿನ ಸಲ ನಿಜಕ್ಕೂ ಏನೂ ಆಗಿರಲ್ಲ. ಈ ಬರಹ ಇರೋದು ಆಗಿರುವ ಆ ಕೆಲವು ಸಲದ ಬಗ್ಗೆ.

2009ರ ಮಾರ್ಚ್ 16ರಂದು ಕೆನಡಾದ ಮಾಂಟ್ ಟ್ರೆಂಬ್ಲಾಂಟ್‌ನಲ್ಲಿ ನಟಿ ನತಾಶಾ ರಿಚರ್ಡ್‌ಸನ್ ಸ್ಕೀಯಿಂಗ್ ಕಲಿಯುವಾಗ ಬಿದ್ದರು. ಅದು ಕಲಿಯೋರಿಗೆ ಅಂತಲೇ ಇರುವ ಸಣ್ಣ ಇಳಿಜಾರು. ತಲೆಗೆ ಹೆಲ್ಮೆಟ್ ಇರಲಿಲ್ಲ. ಎದ್ದರು, ಮಾತಾಡಿದರು, ಡಾಕ್ಟರ್ ಬೇಡ ಅಂದರು. ಬಂದ ಆಂಬುಲೆನ್ಸ್ ವಾಪಸ್ ಹೋಯಿತು. ಆಮೇಲೆ ತಲೆನೋವು ಶುರುವಾಯಿತು. ಮಾರ್ಚ್ 18ಕ್ಕೆ ತೀರಿಕೊಂಡರು, ವಯಸ್ಸು 45. ಕ್ರಿಕೆಟ್ ನೋಡೋರಿಗೆ ರಮಣ್ ಲಾಂಬಾ ಹೆಸರು ಗೊತ್ತಿರಬಹುದು. 1998ರ ಫೆಬ್ರವರಿ 20ರಂದು ಢಾಕಾದ ಕ್ಲಬ್ ಪಂದ್ಯದಲ್ಲಿ ಹೆಲ್ಮೆಟ್ ಹಾಕದೆ ಶಾರ್ಟ್ ಲೆಗ್‌ನಲ್ಲಿ ನಿಂತಿದ್ದರು. ಬ್ಯಾಟ್ಸ್‌ಮನ್ ಹೊಡೆದ ಚೆಂಡು ತಲೆಗೆ ಬಡಿಯಿತು. ತಾವೇ ನಡೆದುಕೊಂಡು ಮೈದಾನದಿಂದ ಹೊರಗೆ ಹೋದರು. ಮೂರು ದಿನಕ್ಕೆ ಇಲ್ಲವಾದರು. ನಡೆದು ಹೋದವರು ಹೇಗೆ ಸಾಯ್ತಾರೆ?

ಕಣ್ಣಿಗೂ ಕಿವಿಗೂ ನಡುವೆ ಇರೋ ಕಣತಲೆ ಮುಟ್ಟಿ ನೋಡಿಕೊಳ್ಳಿ. ಬುರುಡೆಯ ಮೂಳೆ ತುಂಬಾ ತೆಳುವಾಗಿರೋದು ಅಲ್ಲೇ. ಆ ಮೂಳೆಯ ಒಳಮೈಗೆ ಅಂಟಿಕೊಂಡಂತೆ ಒಂದು ರಕ್ತನಾಳ ಹೋಗುತ್ತೆ. ಮೂಳೆ ಬಿರುಕು ಬಿಟ್ಟರೆ ಅದೂ ಹರಿಯಬಹುದು. ಆಗ ಮೂಳೆಗೂ ಮಿದುಳಿನ ಹೊರಪೊರೆಗೂ ನಡುವೆ ರಕ್ತ ಸೇರ್ತಾ ಹೋಗುತ್ತೆ, ಹೊರಗೆ ಒಂದು ಹನಿಯೂ ಕಾಣಲ್ಲ. ಬುರುಡೆ ಅನ್ನೋದು ಹಿಗ್ಗದ ಡಬ್ಬ. ಅದರಲ್ಲಿ ಮಿದುಳು, ರಕ್ತ, ಮಿದುಳಿನ ಸುತ್ತಲಿನ ನೀರು ಅಷ್ಟೇ ಇರೋದು. ಹೊಸದಾಗಿ ರಕ್ತ ತುಂಬಿಕೊಂಡರೆ ಮೊದಲು ಆ ನೀರು ಸ್ವಲ್ಪ ಬೆನ್ನುಹುರಿ ಕಡೆ ಸರಿದು ಜಾಗ ಬಿಡುತ್ತೆ. ಅಷ್ಟು ಹೊತ್ತು ಮನುಷ್ಯ ಚೆನ್ನಾಗೇ ಇರ್ತಾನೆ, ಕಾಫಿ ಕುಡೀತಾನೆ, ಜೋಕ್ ಮಾಡ್ತಾನೆ. ಜಾಗ ಮುಗಿದ ಮೇಲೆ ಒತ್ತಡ ಒಂದೇ ಸಲ ಏರುತ್ತೆ. ಮಿದುಳು ಕೆಳಕ್ಕೆ ಒತ್ತಿ, ಉಸಿರಾಟ ನಡೆಸುವ ಭಾಗವೇ ನಜ್ಜುತ್ತೆ. ಈ ನಡುವಿನ ‘ಚೆನ್ನಾಗಿರುವ’ ಹೊತ್ತು ಕೆಲವರಲ್ಲಿ ಕೆಲವು ನಿಮಿಷ, ಕೆಲವರಲ್ಲಿ ಕೆಲವು ಗಂಟೆ. ಇದೇ ಹೊತ್ತಲ್ಲಿ ಸಿಟಿ ಸ್ಕ್ಯಾನ್ ಆಗಿ, ಬುರುಡೆ ತೆರೆದು ರಕ್ತ ತೆಗೆದರೆ ಎಷ್ಟೋ ಜನ ಮೊದಲಿನಂತೆ ಆಗ್ತಾರೆ. ಅದಕ್ಕೇ ಇದನ್ನ ಬರೀಬೇಕು ಅನ್ನಿಸಿದ್ದು. ಹುಣಸೂರಿಂದ ಮೈಸೂರು ಸುಮಾರು 45 ಕಿಲೋಮೀಟರ್. ಪಿರಿಯಾಪಟ್ಟಣದಿಂದ, ಎಚ್.ಡಿ. ಕೋಟೆಯ ಕಾಡಂಚಿನ ಊರುಗಳಿಂದ ಇನ್ನೂ ದೂರ. "ಬೆಳಿಗ್ಗೆ ನೋಡೋಣ" ಅನ್ನೋಕೆ ನಮ್ಮಲ್ಲಿ ಟೈಮ್ ಇಲ್ಲ.

ಇನ್ನು ಸ್ವಲ್ಪ ಫಿಸಿಕ್ಸ್, ನಮ್ಮ ಮ್ಯಾಗಜಿನ್ ಅಲ್ವಾ. ತಲೆ 1.5 ಮೀಟರ್ ಎತ್ತರದಿಂದ ನೆಲಕ್ಕೆ ಬಿದ್ದರೆ ಬಡಿಯೋ ವೇಗ ಗಂಟೆಗೆ ಹತ್ತಿರತ್ತಿರ 20 ಕಿಲೋಮೀಟರ್. ಅಂದ್ರೆ ನಿಂತ ಬೈಕಿಂದ ಬಿದ್ದರೂ ಇಷ್ಟು ವೇಗ ಬರುತ್ತೆ. ಬಿದ್ದ ಎತ್ತರವನ್ನು, ನಿಲ್ಲೋಕೆ ಸಿಕ್ಕ ದೂರದಿಂದ ಭಾಗಿಸಿದರೆ ಗುರುತ್ವದ ಎಷ್ಟು ಪಟ್ಟು ಏಟು ಅಂತ ಅಂದಾಜು ಸಿಗುತ್ತೆ. ಟಾರ್ ರೋಡಿಗೆ ಬರೀ ತಲೆ ಬಡಿದು 3 ಮಿಲಿಮೀಟರ್‌ನಲ್ಲಿ ನಿಂತಿತು ಅಂದುಕೊಳ್ಳಿ, 500 ಪಟ್ಟು. ಹೆಲ್ಮೆಟ್ ಒಳಗಿನ ಥರ್ಮಾಕೋಲ್ 25 ಮಿಲಿಮೀಟರ್ ಕುಗ್ಗಿದರೆ 60 ಪಟ್ಟು. ಹೆಲ್ಮೆಟ್ ಮಾಡೋ ಕೆಲಸ ಮುಖ್ಯವಾಗಿ ಇಷ್ಟೇ, ನಿಲ್ಲೋಕೆ ಎರಡು ಸೆಂಟಿಮೀಟರ್ ಜಾಸ್ತಿ ಕೊಡೋದು. ರಸ್ತೆ ಬದಿಯಲ್ಲಿ ಸಿಗೋ ಟೋಪಿಯಂಥ ಹಾಫ್ ಹೆಲ್ಮೆಟ್‌ನಲ್ಲಿ ಆ ಥರ್ಮಾಕೋಲ್ ಎಷ್ಟಿದೆ ಅಂತ ಒಳಗೆ ಬೆರಳಿಟ್ಟು ನೋಡಿ. ಅದು ಪೊಲೀಸರಿಗೆ ಹಾಕೋದು, ತಲೆಗಲ್ಲ. ಒಂದು ಸಲ ಜೋರಾಗಿ ಏಟು ತಿಂದು ಕುಗ್ಗಿದ ಥರ್ಮಾಕೋಲ್ ಮತ್ತೆ ಮೊದಲಿನಂತೆ ಆಗಲ್ಲ, ಹೊರಗಡೆ ಪೇಂಟ್ ಚೆನ್ನಾಗಿದ್ದರೂ ಅಷ್ಟೇ.

ಹಿಂದೆ ಕೂರೋರ ವಿಷಯ ಬೇರೆ. ‘ನಾನು ಅವನಲ್ಲ ಅವಳು’ ಸಿನಿಮಾಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಸಂಚಾರಿ ವಿಜಯ್ 2021ರ ಜೂನ್ 12ರ ರಾತ್ರಿ ಬೆಂಗಳೂರಲ್ಲಿ ಗೆಳೆಯನ ಬೈಕಿನ ಹಿಂದೆ ಕೂತಿದ್ದರು. ತಲೆಗೆ ಪೆಟ್ಟು ಬಿತ್ತು, ಮೂರನೇ ದಿನಕ್ಕೆ ಅವರು ಇರಲಿಲ್ಲ. ಅವರ ಅಂಗಾಂಗಗಳನ್ನು ಮನೆಯವರು ದಾನ ಮಾಡಿದರು. ಹಿಂದೆ ಕೂತವರಿಗೂ ಹೆಲ್ಮೆಟ್ ಬೇಕು ಅನ್ನೋದು ಕರ್ನಾಟಕದಲ್ಲಿ 2016ರಿಂದ ಜಾರಿಯಲ್ಲಿದೆ. ನಮ್ಮ ತಾಲ್ಲೂಕು ರಸ್ತೆಗಳಲ್ಲಿ ಎರಡನೇ ಹೆಲ್ಮೆಟ್ ಕಂಡರೆ ಅದು ಮಿರರ್‌ಗೆ ನೇತಾಡ್ತಿರುತ್ತೆ.

ಬೈಕ್ ಮಾತ್ರ ಅಲ್ಲ. ಬ್ಯಾರನ್‌ನಲ್ಲಿ ಹೊಗೆಸೊಪ್ಪು ಏರಿಸೋಕೆ ಅಡ್ಡಮರದ ಮೇಲೆ ಹತ್ತಿದವರು, ತೆಂಗಿನ ಮರ ಹತ್ತಿದವರು ಬಿದ್ದರೂ ಇದೇ ಕಥೆ. ನನಗೆ ಎಲ್ಲಕ್ಕಿಂತ ಭಯ ಆಗೋದು ಕುಡಿದು ಬಿದ್ದವರನ್ನ ನೋಡಿದಾಗ. ಮಾತು ತೊದಲುತ್ತೆ, ವಾಂತಿ ಆಗುತ್ತೆ, ನಿದ್ದೆಗೆ ಜಾರ್ತಾನೆ. ಒಳಗೆ ರಕ್ತ ತುಂಬಿದವನ ಲಕ್ಷಣವೂ ಇದೇ. "ಎಣ್ಣೆ ಇಳಿಯಲಿ, ಮಲಗಲಿ ಬಿಡಿ" ಅಂತ ಜಗಲಿ ಮೇಲೆ ಮಲಗಿಸ್ತಾರೆ. ಕುಡಿದಿದ್ದಾನೆ ಅನ್ನೋದು ಗೊತ್ತಿದ್ದರೂ ತಲೆಗೆ ಪೆಟ್ಟು ಬಿದ್ದಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗೋದೇ ಸರಿ.

ತಲೆನೋವು ಜಾಸ್ತಿಯಾಗ್ತಾ ಹೋಗೋದು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಸರಿಯಾಗಿ ಏಳದಿರೋದು, ಮಾತು ಅಡ್ಡಾದಿಡ್ಡಿ, ಒಂದು ಕೈ ಕಾಲಲ್ಲಿ ಬಲ ಇಲ್ಲದಿರೋದು, ಕಣ್ಣಿನ ಪಾಪೆ ಒಂದು ದೊಡ್ಡದು ಒಂದು ಚಿಕ್ಕದು, ಫಿಟ್ಸ್, ಮೂಗಿಂದಲೋ ಕಿವಿಯಿಂದಲೋ ನೀರಿನಂಥದ್ದು ಸೋರೋದು: ಇದರಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು, ಸೋಡಾ ಹಾಕಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತೆ. ಕೂರಿಸೋಕೆ ಎಳೆದಾಡಬೇಡಿ, ಕುತ್ತಿಗೆಗೂ ಪೆಟ್ಟಾಗಿರಬಹುದು. ಪೊಲೀಸ್ ಕೇಸ್ ಭಯ ಇದ್ದರೆ: 2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯ್ದೆಯ 134ಎ ಸೆಕ್ಷನ್ ಅಪಘಾತದಲ್ಲಿ ಸಹಾಯ ಮಾಡಿದವರಿಗೆ ರಕ್ಷಣೆ ಕೊಡುತ್ತೆ.

ವಯಸ್ಸಾದವರಲ್ಲಿ ಇದು ಇನ್ನೂ ಮೋಸದ್ದು. ವಯಸ್ಸಾದಂತೆ ಮಿದುಳು ಸ್ವಲ್ಪ ಕುಗ್ಗುತ್ತೆ, ಅದರಿಂದ ಹೊರಪೊರೆಗೆ ಹೋಗೋ ಸಣ್ಣ ನಾಳಗಳು ಬಿಗಿಯಾಗಿ ಎಳೆದುಕೊಂಡಿರುತ್ತವೆ. ಬಚ್ಚಲಲ್ಲಿ ಜಾರಿ ಗೋಡೆಗೆ ತಲೆ ತಗುಲಿದರೂ ಸಾಕು, ಹನಿಹನಿಯಾಗಿ ಸೋರುತ್ತೆ. ಲಕ್ಷಣ ಕಾಣೋದು ವಾರಗಳ ಮೇಲೆ: ತಾತ ಹೆಸರು ಮರೀತಾರೆ, ಕಾಲು ಎಳೆದು ನಡೀತಾರೆ, ಹಗಲೆಲ್ಲ ತೂಕಡಿಸ್ತಾರೆ. ಮನೆಯಲ್ಲಿ ಎಲ್ಲರೂ ಅರಳುಮರಳು ಅಂತ ತೀರ್ಮಾನ ಮಾಡಿಬಿಡ್ತಾರೆ. ಎಷ್ಟೋ ಜನರಿಗೆ ಬುರುಡೆಯಲ್ಲಿ ಸಣ್ಣ ತೂತು ಮಾಡಿ ಆ ಹಳೇ ರಕ್ತ ತೆಗೆದರೆ ಸರಿಹೋಗುತ್ತೆ. ಹೃದಯಕ್ಕೋ ಸ್ಟ್ರೋಕಿಗೋ ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರಿಗೆ ಈ ಅಪಾಯ ಜಾಸ್ತಿ. ಡಾಕ್ಟರ್ ಹತ್ತಿರ ಹೋಗುವಾಗ ಆ ಮಾತ್ರೆಯ ಶೀಟು ಜೇಬಲ್ಲಿ ಹಾಕಿಕೊಳ್ಳಿ. "ಎರಡು ತಿಂಗಳಲ್ಲಿ ಯಾವತ್ತಾದರೂ ಬಿದ್ದಿದ್ರಾ?" ಅಂತ ಅವರು ಕೇಳದಿದ್ದರೂ ನೀವೇ ಹೇಳಿ.