ತ್ರಿಕೋನದ ಮೂಲೆ ಯಾಕೆ ಕೂಡಲ್ಲ?

ಮಗುವಿಗೆ ಬೋರ್ಡ್ ಚೆನ್ನಾಗಿ ಕಾಣುತ್ತೆ.
ಪೆನ್ಸಿಲ್ ಹಿಡಿಯೋಕೂ ಬರುತ್ತೆ.
ಆದ್ರೂ ಅಕ್ಷರ ಗೆರೆ ಬಿಟ್ಟು ಓಡೋದು ಯಾಕೆ?

ಕಣ್ಣು ಕಂಡಕ್ಟರ್, ಕೈ ಡ್ರೈವರ್ ಅಂದ್ಕೊಳ್ಳಿ.
ಇಬ್ಬರೂ ಕೆಲಸ ಬಲ್ಲವರೇ.
ಆದ್ರೆ ಸೀಟಿ ಡ್ರೈವರ್‌ಗೆ ಕೇಳಿಸದಿದ್ರೆ ಬಸ್ಸು ಸ್ಟಾಪ್ ದಾಟಿ ಹೋಗುತ್ತೆ.

ಕಣ್ಣು–ಕೈಗಳ ಈ ಹೊಂದಾಣಿಕೆಯನ್ನ ತರಗತಿಯಲ್ಲೇ ನೋಡಬಹುದು.

ಇದಕ್ಕಾಗಿ ಅಮೆರಿಕದ ಕೀತ್ ಬೀರಿ ರೂಪಿಸಿದ ಪರೀಕ್ಷೆ 1967ರಲ್ಲಿ ಪ್ರಕಟವಾಯ್ತು.
ಮೇಲೊಂದು ಆಕೃತಿ, ಕೆಳಗೊಂದು ಖಾಲಿ ಚೌಕ.
ನೋಡಿ ಹಾಗೇ ಬರೀಬೇಕು.
ರಬ್ಬರ್ ಇಲ್ಲ. ಪುಸ್ತಕ ತಿರುಗಿಸೋ ಹಾಗಿಲ್ಲ.
10ರಿಂದ 15 ನಿಮಿಷ. ಇಡೀ ಕ್ಲಾಸಿಗೆ ಒಟ್ಟಿಗೇ ಮಾಡಿಸಬಹುದು.

ಸುಮಾರು 3 ವರ್ಷಕ್ಕೆ ವೃತ್ತ ಬರುತ್ತೆ.
4ಕ್ಕೆ ಕೂಡು ಗುರುತು.
5ರ ಹೊತ್ತಿಗೆ ಚೌಕ, ತ್ರಿಕೋನ.

ತ್ರಿಕೋನ ಕಷ್ಟ, ಯಾಕಂದ್ರೆ ಅದರಲ್ಲಿ ಓರೆ ಗೆರೆಗಳಿವೆ.
ಎರಡು ಗೆರೆ ಸರಿ ಬರುತ್ತೆ. ಮೂರನೆಯದು ಮೂಲೆ ಮುಟ್ಟದೇ ಆಚೆ ಜಾರುತ್ತೆ.
ಅದು ಸೋಮಾರಿತನ ಅಲ್ಲ. ದಯವಿಟ್ಟು ಬೈಬೇಡಿ.

ಈ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂತು ಅಂದ್ರೆ ಕಾಯಿಲೆ ಅಂತಲೂ ಅಲ್ಲ. ಇನ್ನಷ್ಟು ಗಮನ ಬೇಕು ಅಂತ.
ಮೊದಲು ಕಣ್ಣಿನ ಪರೀಕ್ಷೆ. ಆಮೇಲೂ ತೊಂದರೆ ಉಳಿದ್ರೆ, ದಿನನಿತ್ಯದ ಕೆಲಸಗಳಿಗೆ ತರಬೇತಿ ಕೊಡೋ ಆಕ್ಯುಪೇಷನಲ್ ಥೆರಪಿಸ್ಟ್.

ನಮ್ಮ ಸರ್ಕಾರಿ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬರುತ್ತೆ.
2013ರಲ್ಲಿ ಶುರುವಾದ ಈ ಯೋಜನೆಯಲ್ಲಿ ದೃಷ್ಟಿದೋಷ, ಬೆಳವಣಿಗೆಯ ವಿಳಂಬ ಎರಡನ್ನೂ ತಪಾಸಣೆ ಮಾಡ್ತಾರೆ.

ಟೀಚರ್‌ಗಳೇ, ತಂಡ ಬಂದಾಗ ಇಂಥ ತೊಂದರೆ ಇರೋ ಮಗುವಿನ ನೋಟ್‌ಬುಕ್ಕನ್ನೂ ತೋರಿಸಿ.
ಅಪ್ಪ–ಅಮ್ಮಂದಿರೇ, ಮನೇಲಿ ಮಣಿ ಪೋಣಿಸೋಕೆ, ಮರಳಲ್ಲಿ ಗೆರೆ ಎಳೆಯೋಕೆ ಬಿಡಿ.