ಸ್ತನದ ಇಂಪ್ಲಾಂಟ್ ಬದಲಿಸುವ ಮುನ್ನ

ಕ್ಯಾನ್ಸರ್ ಆಪರೇಷನ್ ಆದಮೇಲೋ, ಆಕಾರಕ್ಕಾಗಿಯೋ ಸ್ತನಕ್ಕೆ ಇಂಪ್ಲಾಂಟ್ ಹಾಕಿಸಿಕೊಂಡವರು ಕೇಳುವ ಪ್ರಶ್ನೆ ಒಂದಿದೆ. ಹತ್ತು ವರ್ಷವಾಯಿತು, ಈಗ ಬದಲಿಸಲೇಬೇಕೆ? ತೊಂದರೆ ಇಲ್ಲದಿದ್ದರೆ ಬೇಕಿಲ್ಲ, ಹತ್ತು ವರ್ಷ ಎಂಬುದು ಗಡುವಲ್ಲ. ಹಾಗಂತ ಅದು ಕೊನೆತನಕ ಬಾಳುವ ವಸ್ತುವೂ ಅಲ್ಲ.

ಇಂಪ್ಲಾಂಟ್ ಎಂದರೆ ಸಿಲಿಕೋನ್ ಚೀಲ. ಒಳಗೆ ಸಿಲಿಕೋನ್ ಜೆಲ್ ಇರುತ್ತದೆ, ಇಲ್ಲವೇ ಸಲೈನ್, ಅಂದರೆ ಉಪ್ಪುನೀರು. ದೇಹ ಅದರ ಸುತ್ತ ಒಂದು ಪೊರೆ ಕಟ್ಟುತ್ತದೆ. ವೈದ್ಯರು ಅದನ್ನು ಕ್ಯಾಪ್ಸೂಲ್ ಎನ್ನುತ್ತಾರೆ. ಈ ಪೊರೆ ದಪ್ಪವಾಗಿ ಬಿಗಿದರೆ ಸ್ತನ ಗಟ್ಟಿಯಾಗುತ್ತದೆ, ಆಕಾರ ಕೆಡುತ್ತದೆ, ನೋವೂ ಬರಬಹುದು. ಬದಲಿಸಲು ಇದೊಂದು ಕಾರಣವಾದರೆ, ಇನ್ನೊಂದು ಚೀಲ ಒಡೆಯುವುದು. ಸಲೈನ್ ಚೀಲ ಒಡೆದರೆ ಸ್ತನ ಕುಗ್ಗಿ ಬೇಗ ಗೊತ್ತಾಗುತ್ತದೆ. ಜೆಲ್ ಚೀಲ ಒಡೆದದ್ದು ವರ್ಷಗಟ್ಟಲೆ ಗೊತ್ತೇ ಆಗದಿರಬಹುದು. ಅದಕ್ಕೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಜೆಲ್ ಇಂಪ್ಲಾಂಟ್ ಇರುವವರು 5-6 ವರ್ಷಕ್ಕೆ ಮೊದಲ ಸಲ, ಆಮೇಲೆ 2-3 ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಬೇಕು ಎನ್ನುತ್ತದೆ.

ವೈದ್ಯರ ಬಳಿ ಹೋಗುವ ಮುನ್ನ ಹಳೆಯ ಆಸ್ಪತ್ರೆ ಫೈಲ್ ಹುಡುಕಿ. ಅದರಲ್ಲೊಂದು ಸ್ಟಿಕರ್ ಅಥವಾ ಕಾರ್ಡ್ ಇರಬೇಕು. ಕಂಪನಿ, ಮಾದರಿ, ಸಿಸಿ ಲೆಕ್ಕದ ಗಾತ್ರ, ಸೀರಿಯಲ್ ನಂಬರ್ ಎಲ್ಲ ಅದರಲ್ಲೇ ಇರುತ್ತವೆ. ಈ ಚೀಟಿಯ ಬೆಲೆ ದೊಡ್ಡದು. ಅಲರ್ಗನ್ ಕಂಪನಿ 2019ರಲ್ಲಿ ತರಿತರಿ ಮೇಲ್ಮೈಯ ಬಯೋಸೆಲ್ ಇಂಪ್ಲಾಂಟ್‌ಗಳನ್ನು ಜಗತ್ತಿನಾದ್ಯಂತ ಮಾರುಕಟ್ಟೆಯಿಂದ ಹಿಂಪಡೆಯಿತು. ಪೊರೆಯಲ್ಲಿ ಹುಟ್ಟುವ ಒಂದು ಅಪರೂಪದ ಲಿಂಫೋಮಾ ಕ್ಯಾನ್ಸರಿಗೂ ಅವಕ್ಕೂ ನಂಟು ಕಂಡುಬಂದಿತ್ತು. ನಿಮ್ಮದು ಅದೇ ಆಗಿದ್ದರೆ ಹೆದರಬೇಡಿ. ಲಕ್ಷಣವಿಲ್ಲದವರು ತೆಗೆಸಬೇಕಿಲ್ಲ ಎಂದು ಎಫ್‌ಡಿಎ ಹೇಳಿದೆ. ಆದರೆ ವರ್ಷಗಳ ಮೇಲೆ ಒಂದೇ ಕಡೆ ಊತ ಬಂದರೆ ಯಾರಿಗೂ ತಡ ಸಲ್ಲದು.

ಆಪರೇಷನ್ ಸಾಮಾನ್ಯವಾಗಿ ಪೂರ್ತಿ ಅರಿವಳಿಕೆಯಲ್ಲಿ ನಡೆಯುತ್ತದೆ. ಹೆಚ್ಚಾಗಿ ಹಳೆಯ ಹೊಲಿಗೆಯ ಗೆರೆಯಲ್ಲೇ ಕುಯ್ದು ಚೀಲ ತೆಗೆಯುತ್ತಾರೆ. ಬೇಕಿದ್ದರೆ ಪೊರೆಯನ್ನೂ ತೆಗೆದು ಹೊಸದನ್ನು ಕೂರಿಸುತ್ತಾರೆ. ಸೋಂಕಿದ್ದರೆ ಕೆಲವು ತಿಂಗಳು ಕಾಯಿಸುವುದೂ ಉಂಟು. ಡ್ರೈನ್ ಎಂಬ ಸಣ್ಣ ನಳಿಕೆ ಇಟ್ಟು ಮನೆಗೆ ಕಳಿಸಿದರೆ, ದಿನಕ್ಕೆ ಎಷ್ಟು ಎಂಎಲ್ ನೀರು ಬಂತೆಂದು ಬರೆದಿಡಿ. ಅದನ್ನು ನೋಡಿಯೇ ನಳಿಕೆ ತೆಗೆಯುತ್ತಾರೆ. ಕೂತು ಮಾಡುವ ಕೆಲಸಕ್ಕೆ ಒಂದೆರಡು ವಾರದಲ್ಲಿ ಮರಳಬಹುದು. ನೀರಿನ ಕೊಡ, ಮಗು ಎತ್ತುವುದಕ್ಕೆ ಇನ್ನೂ ಕೆಲವು ವಾರ ಬೇಕು. ಜ್ವರ, ಕೆಂಪು, ದಿಢೀರ್ ಊತ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಮತ್ತೆ ಇಂಪ್ಲಾಂಟ್ ಹಾಕಿಸಲೇಬೇಕೆಂದಿಲ್ಲ. ತೆಗೆಸಿ ಸುಮ್ಮನಿರಬಹುದು, ಹೊಟ್ಟೆಯ ಭಾಗದ ಕೊಬ್ಬು-ಚರ್ಮದಿಂದ ಸ್ತನ ರೂಪಿಸಿಕೊಳ್ಳಬಹುದು. ಈ ಎರಡನ್ನೂ ನಿಮ್ಮ ಮುಂದಿಡದ ವೈದ್ಯರಿದ್ದರೆ ಇನ್ನೊಬ್ಬರನ್ನು ಕಾಣುವುದೇ ವಾಸಿ. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಎನ್‌ಬಿ ಮಾಡಿದವರನ್ನೇ ಆರಿಸಿ.

ಇಂಪ್ಲಾಂಟ್, ಸರ್ಜನ್, ಅರಿವಳಿಕೆ, ವಾರ್ಡು, ಪರೀಕ್ಷೆಗಳ ಖರ್ಚನ್ನು ಬೇರೆಬೇರೆಯಾಗಿ ಬರೆಸಿಕೊಳ್ಳಿ. ಬರೀ ಅಂದಕ್ಕಾಗಿ ಮಾಡಿಸಿದರೆ ನಮ್ಮ ಆರೋಗ್ಯ ವಿಮೆ ಕೊಡುವುದಿಲ್ಲ. ಕ್ಯಾನ್ಸರ್ ನಂತರದ ಮರುರಚನೆ ಅಥವಾ ಆರೋಗ್ಯಕ್ಕೆ ಅಪಾಯವಿದೆ ಎಂಬ ವೈದ್ಯರ ಪತ್ರವಿದ್ದರೆ ಲೆಕ್ಕ ಬೇರೆ. ಆ ಪತ್ರವನ್ನು ದಾಖಲಾಗುವ ಮೊದಲೇ ವಿಮಾ ಕಂಪನಿಗೆ ಕಳಿಸಿ, ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ.