ಹಳೆಯ ಹತಾರಗಳ ಪುನರ್ಜನ್ಮ

ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಕೆಲಸಗಾರನು ತನ್ನ ಹತಾರವನ್ನು ದೂರಿದಾಗ ಈ ಮಾತನ್ನು ನೆನೆದು ನಗುವುದೂ ಉಂಟು. ಆದರೆ ಕೈಯಲ್ಲಿ ಕಸಬಿದ್ದೂ ಒಂದು ಉಳಿಯನ್ನಾಗಲಿ ಗರಗಸವನ್ನಾಗಲಿ ಕೊಳ್ಳುವ ಶಕ್ತಿಯಿಲ್ಲದೆ ಕುಳಿತಿರುವ ಬಡಗಿಯನ್ನು ಕಂಡು ನಗುವವರಾರು? ಅಂತಹವರಿಗಾಗಿ ಇಂಗ್ಲೆಂಡಿನ ಕೆಲವು ಊರುಗಳ ಜನರು ನಡೆಯಿಸಿಕೊಂಡು ಬಂದ ಒಂದು ಕಾರ್ಯವನ್ನು ವಾಚಕರಿಗೆ ತಿಳಿಸಬೇಕೆಂದು ನಮ್ಮ ಅಪೇಕ್ಷೆ.

ಆಫ್ರಿಕ ಖಂಡದ ತಾಂಜಾನಿಯಾ ದೇಶದಲ್ಲಿ 1967ರಲ್ಲಿ, ಅಧ್ಯಕ್ಷ ಜೂಲಿಯಸ್ ನ್ಯೆರೆರೆಯವರ ನೇತೃತ್ವದಲ್ಲಿ, ಸ್ವಾವಲಂಬನೆಯೇ ರಾಷ್ಟ್ರದ ಮಾರ್ಗವೆಂದು ಅರೂಷಾ ಘೋಷಣೆಯು ಸಾರಿತು. 1979ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ‘ಟೂಲ್ಸ್ ಫಾರ್ ಸೆಲ್ಫ್ ರಿಲಯನ್ಸ್’, ಎಂದರೆ ಸ್ವಾವಲಂಬನೆಗೆ ಹತಾರಗಳು, ಎಂಬ ಸಂಸ್ಥೆಯು ಆ ಮಾತನ್ನೇ ತನ್ನ ಹೆಸರಿನಲ್ಲಿ ಧರಿಸಿತು. ಸೌತಾಂಪ್ಟನ್ ನಗರದ ಸಮೀಪದ ನೆಟ್ಲಿ ಮಾರ್ಷ್ ಎಂಬ ಹಳ್ಳಿಯು ಅದರ ಕೇಂದ್ರವಾಯಿತು. 1986ರಲ್ಲಿ ಚೆಶಮ್ ಪಟ್ಟಣದಲ್ಲಿ ‘ವರ್ಕೇಡ್’ ಎಂಬ ಮತ್ತೊಂದು ಸಂಸ್ಥೆಯು ಇದೇ ಕಾರ್ಯವನ್ನು ಕೈಗೊಂಡಿತು.

ವಿದ್ಯುತ್ತಿನ ಯಂತ್ರಗಳು ಬಂದ ಮೇಲೆ ಆ ದೇಶದ ಎಷ್ಟೋ ಮನೆಗಳಲ್ಲಿ ತಾತಂದಿರ ಕೈಹತಾರಗಳು ಅಟ್ಟವನ್ನು ಸೇರಿದವು. ಅವುಗಳನ್ನು ಬೇಡಿ ತಂದು, ಊರೂರಿನ ಕಮ್ಮಟಗಳಲ್ಲಿ ಸ್ವಯಂಸೇವಕರು ದುರಸ್ತು ಮಾಡುವರು. ಇವರಲ್ಲಿ ಅನೇಕರು ಉದ್ಯೋಗದಿಂದ ನಿವೃತ್ತರಾದವರು, ಸಂಬಳದ ಮಾತಿಲ್ಲ.

ಕೆಲಸವಾದರೋ ಸಾವಧಾನದ್ದು. ಮೊದಲು ತಂತಿಯ ಬ್ರಷ್ಷಿನಿಂದ ತುಕ್ಕನ್ನು ಉಜ್ಜಿ ತೆಗೆಯಬೇಕು. ಕೀಸುಳಿಯ ಅಲಗನ್ನು ಸುಮಾರು 25 ಡಿಗ್ರಿಯ ಓರೆಗೆ ಮಸೆದು, ತುದಿಯನ್ನು ಮಾತ್ರ 30 ಡಿಗ್ರಿಗೆ ಸಾಣೆಕಲ್ಲಿನ ಮೇಲೆ ತೀಡಬೇಕು. ಗರಗಸದ ಹಲ್ಲುಗಳನ್ನು ಮುಮ್ಮೂಲೆಯ ಅರದಿಂದ ಹರಿತಮಾಡಿ, ಒಂದನ್ನು ಎಡಕ್ಕೆ ಒಂದನ್ನು ಬಲಕ್ಕೆ ಬಾಗಿಸಬೇಕು. ಇಲ್ಲವಾದರೆ ಅದು ಮರದಲ್ಲಿ ಸಿಕ್ಕಿಕೊಳ್ಳುವುದು. ಬಡಿದು ಬಡಿದು ಅಣಬೆಯಂತೆ ಅರಳಿದ ಚಾಣದ ತಲೆಯನ್ನು ಮಸೆಯದೆ ಬಿಟ್ಟರೆ, ಚೂರು ಸಿಡಿದು ಕಣ್ಣನ್ನು ಕಳೆಯಬಹುದು. ಸುತ್ತಿಗೆಯ ಹಿಡಿಯು ಹುಳು ಹಿಡಿದಿದ್ದರೆ ಹೊಸದನ್ನು ಹಾಕಿ ಬೆಣೆ ಬಡಿಯಬೇಕು. ಕಡೆಗೆ ಎಣ್ಣೆ ಸವರಿ, ಬಡಗಿಗೊಂದು, ಕಮ್ಮಾರನಿಗೊಂದು, ದರ್ಜಿಗೊಂದು ಎಂಬಂತೆ ಕಸಬಿಗೆ ತಕ್ಕ ಪೆಟ್ಟಿಗೆಯನ್ನು ಕಟ್ಟುವರು. ವಿದ್ಯುತ್ತಿಲ್ಲದ ಹಳ್ಳಿಗಳಿಗೆ ಕೈಯಿಂದ ತಿರುಗಿಸುವ ಹೊಲಿಗೆಯ ಯಂತ್ರವೇ ಹೆಚ್ಚು ಉಪಯುಕ್ತ. ಹೀಗೆ ತಾಂಜಾನಿಯಾ, ಉಗಾಂಡ, ಮಲಾವಿ, ಜಾಂಬಿಯಾ ಮುಂತಾದ ದೇಶಗಳಿಗೆ ಪೆಟ್ಟಿಗೆಗಳು ಹಡಗಿನಲ್ಲಿ ಹೋದವು.

ಇಲ್ಲಿ ಒಂದು ಸಂದೇಹವು ಸಹಜವಾಗಿಯೇ ಏಳುವುದು. ಪರದೇಶದಿಂದ ಬಿಟ್ಟಿ ವಸ್ತು ಬಂದರೆ ಅಲ್ಲಿನ ಕುಶಲಕರ್ಮಿಗಳ ಜೀವನವು ಕೆಡುವುದಿಲ್ಲವೆ? ಉಟ್ಟು ಬಿಟ್ಟ ಬಟ್ಟೆಯ ವಿಷಯದಲ್ಲಿ ಈ ಮಾತಿಗೆ ಬಲವುಂಟು. ಬಟ್ಟೆಯನ್ನು ಪಡೆದವನು ಅದನ್ನು ಉಟ್ಟು ಸವೆಸುವನು; ಹತಾರವನ್ನು ಪಡೆದವನಾದರೋ ಅದರಿಂದ ದುಡಿಯುವನು. ಕಮ್ಮಾರನ ಪೆಟ್ಟಿಗೆಯೂ ಜೊತೆಗೆ ಹೋದರಂತೂ, ಗುದ್ದಲಿ ಕೊಡಲಿಗಳನ್ನು ಆ ನೆಲದಲ್ಲಿಯೇ ತಯಾರಿಸಬಹುದು. ಆದರೂ ಬೇಕೆಂದು ಕೇಳಿದವರಿಗೆ, ಕಸಬನ್ನು ಬಲ್ಲವರಿಗೆ ಅಥವಾ ಕಲಿಯುತ್ತಿರುವವರಿಗೆ ಕೊಟ್ಟಾಗಲೇ ಇದು ಸಫಲ. ಕೇಳದವನ ಬಾಗಿಲಿಗೆ ಸುರಿದ ಪೆಟ್ಟಿಗೆಯು ಮತ್ತೆ ತುಕ್ಕು ಹಿಡಿಯುವುದು.

ಆದಕಾರಣ ಈ ಕಮ್ಮಟಗಳಲ್ಲಿ ನಮಗೆ ಮುಖ್ಯವಾಗಿ ತೋರುವುದು ದಾನದ ಮೊತ್ತವಲ್ಲ, ಅದರ ಮರ್ಯಾದೆ. ಮೊಂಡಾದ ಉಳಿಯನ್ನು ಇದ್ದಂತೆಯೇ ಕೊಟ್ಟವನು ತನ್ನ ಮನೆಯ ಕಸವನ್ನು ಹೊರಹಾಕಿದನೇ ಹೊರತು ದಾನ ಮಾಡಲಿಲ್ಲ. ಅದನ್ನು ಮಸೆದು, ಒಂದು ಹಲಗೆಯ ಮೇಲೆ ಆಡಿಸಿ ನೋಡಿ ಕೊಟ್ಟವನು, ಕಾಣದ ಕೆಲಸಗಾರನನ್ನು ತನ್ನ ಸಮಾನನೆಂದು ಗಣಿಸಿದನು. ಹಳೆಯದೇನನ್ನಾದರೂ ಇನ್ನೊಬ್ಬರಿಗೆ ಕೊಡುವ ಮುನ್ನ, ಇದನ್ನು ನಾವೇ ಉಪಯೋಗಿಸಬಲ್ಲೆವೇ ಎಂದು ಒಮ್ಮೆ ನಮ್ಮ ಕೈಯಲ್ಲಿ ಹಿಡಿದು ನೋಡುವುದು ಪ್ರತಿಯೊಂದು ಮನೆಯಲ್ಲಿಯೂ ಅಭ್ಯಾಸವಾಗಲಿ.